ಮೊದಲೇ ಬರೆದಿಟ್ಟ ಪತ್ರಗಳು

ಮೇ 4, ಭಾನುವಾರ

ರೀ,

ಮಗಳೂ ನಾನೂ ನಿನ್ನೆ ಸಂಜೆ ಅಕ್ಕನ ಮನೆ ತಲುಪಿದೆವು. ಬಸ್ಸಿನಲ್ಲಿ ಅವಳು ಎರಡು ಸಲ ವಾಂತಿ ಮಾಡಿಕೊಂಡಳು, ಈಗ ಆರಾಮಾಗಿದ್ದಾಳೆ. ಅಕ್ಕನ ಮಂಡಿಯ ಆಪರೇಷನ್ ಚೆನ್ನಾಗಿ ಆಗಿದೆ, ಕೋಲು ಹಿಡಿದು ಬಚ್ಚಲವರೆಗೆ ನಡೆಯುತ್ತಾಳೆ. ನಾನು ಬಂದಿರುವುದು ಆ ಮಂಡಿಯನ್ನು ನೋಡಿಕೊಳ್ಳಲು ಎಂದೇ ಅವಳು ನಂಬಿದ್ದಾಳೆ. ಯಾರಾದರೂ ಕೇಳಿದರೆ ನೀವೂ ಹಾಗೇ ಹೇಳಿ.

ಫೋನ್ ಮಾಡಬೇಡಿ ಎಂದು ಬಸ್ ನಿಲ್ದಾಣದಲ್ಲಿ ಹೇಳಿದೆ, ನೀವು ಕಾರಣ ಕೇಳಲಿಲ್ಲ. ಕಾರಣ ಇಷ್ಟೇ. ನಿಮ್ಮ ದನಿ ಮಾತಿಗೆ ಮೊದಲೇ ಕ್ಷಮೆ ಕೇಳಲು ಶುರುಮಾಡುತ್ತದೆ. ಹಲೋ ಅನ್ನುವುದರಲ್ಲೇ ಅರ್ಧ ಅಳು. ಆಮೇಲೆ ನಾನೇ ಸಮಾಧಾನ ಮಾಡಬೇಕು, ಏಟು ತಿಂದವಳೇ ಹೊಡೆದವನ ಕೈಗೆ ಎಣ್ಣೆ ಹಚ್ಚಿದ ಹಾಗೆ. ಕಾಗದದಲ್ಲಾದರೆ ಆ ಕಾಟವಿಲ್ಲ. ವಾರಕ್ಕೊಂದು ಪತ್ರ ಬರೆಯಿರಿ. ಆ ವಾರ ನೋಡಿದಿರೋ ಇಲ್ಲವೋ, ಅಷ್ಟು ನನಗೆ ಗೊತ್ತಾಗಬೇಕು.

ಮಗಳು ಈ ವರ್ಷ ಇಲ್ಲಿನ ಶಾಲೆಯಲ್ಲಿ ಸುಮ್ಮನೆ ಕೂತು ಕಲಿಯಲಿ ಎಂದು ಹೆಡ್‌ಮೇಡಂ ಮೊದಲೇ ಫೋನಿನಲ್ಲಿ ಒಪ್ಪಿದ್ದಾರೆ. ಖಾಯಂ ಸೇರಿಸುವುದಾದರೆ ಅಕ್ಟೋಬರ್ ಮೂವತ್ತೊಂದರೊಳಗೆ ಅರ್ಜಿ ಕೊಡಬೇಕು. ಅರ್ಜಿ ಕೊಡುತ್ತೇನೋ, ಇಲ್ಲ ಮಗಳನ್ನು ಕರೆದುಕೊಂಡು ನಮ್ಮ ಮನೆಗೇ ಬರುತ್ತೇನೋ, ಅಲ್ಲಿಯವರೆಗೆ ಕೇಳಬೇಡಿ. ನನಗೂ ಗೊತ್ತಿಲ್ಲ.

ಅವತ್ತು ನಮ್ಮ ಮನೆಯ ಪ್ರಾರ್ಥನಾ ಕೂಟದಲ್ಲಿ ಹಾಡಿನ ಸಾಲು ಹುಡುಕಲು ನಿಮ್ಮ ಫೋನನ್ನು ಸಭೆಯ ಹಿರಿಯರ ಹೆಂಡತಿಯ ಕೈಗೆ ಕೊಟ್ಟವಳು ನಾನು. ಅವರು ಒಂದು ಸಲ ನೋಡಿ, ಫೋನನ್ನು ಮಗುಚಿ ನನ್ನ ತೊಡೆಯ ಮೇಲಿಟ್ಟು, "ಜಾಹೀರಾತು ಇರ್ಬೇಕಮ್ಮ, ಏನೇನೋ ಬರುತ್ತೆ ಈಗ" ಅಂದರು. ಆಮೇಲೆ ಎಲ್ಲರಿಗಿಂತ ಜೋರಾಗಿ ಹಾಡಿದರು. ಅವರ ಆ ಒಳ್ಳೆಯತನವನ್ನು ನೆನೆದರೆ ನನಗೆ ಇನ್ನೂ ಮೈ ಉರಿಯುತ್ತದೆ.


ಮೇ 11, ಭಾನುವಾರ

ಪ್ರಿಯ ಪತ್ನಿಗೆ ಪ್ರಭುವಿನ ನಾಮದಲ್ಲಿ ವಂದನೆಗಳು.

ನಿನ್ನ ಪತ್ರ ತಲುಪಿತು. ನೀನು ಹೇಳಿದಂತೆಯೇ ನಡೆಯುತ್ತೇನೆ. ನನ್ನ ಬಲಹೀನತೆಯಿಂದ ನಿನಗಾದ ನೋವಿಗೆ ನನ್ನ ಬಳಿ ಮಾತಿಲ್ಲ. ಶತ್ರುವಾದ ಸೈತಾನನು ನನ್ನನ್ನು ಶೋಧನೆಗೆ ಒಳಪಡಿಸಿದನು. ಆದರೆ ಬುಧವಾರ ಪಾಸ್ಟರ್ ನನ್ನ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿದಾಗ ಒಳಗಿನಿಂದ ಏನೋ ಬಿಟ್ಟುಹೋದ ಹಾಗಾಯಿತು. ನನಗೆ ಬಿಡುಗಡೆಯಾಗಿದೆ ಎಂದು ನಂಬುತ್ತೇನೆ. ಈ ವಾರ ಜಯ ದೊರೆತಿದೆ.

ಪಂಪ್‌ಹೌಸಿನಲ್ಲಿ ಎಲ್ಲ ಮಾಮೂಲು. ಎರಡನೇ ಮೋಟಾರು ಸ್ವಲ್ಪ ಕೂಗುತ್ತಿದೆ. ಮಗಳಿಗೆ ಮುತ್ತು.

ಪ್ರಭುವಿನಲ್ಲಿ ನಿನ್ನವನು


ಮೇ 17, ಶನಿವಾರ

ಶತ್ರುವು ಶೋಧನೆಗೆ ಒಳಪಡಿಸಿದನು ಎಂದು ಬರೆದಿದ್ದೀರಿ. ಅವನು ಬಂದು ನಿಮ್ಮ ಬೆರಳು ಹಿಡಿದು ಒತ್ತಿಸಿದನೇ? ಬಲಹೀನತೆ ಎಂದರೆ ರಕ್ತಹೀನತೆಯ ಹಾಗೆ ಕೇಳಿಸುತ್ತದೆ, ಮೂರು ಬಾಟಲಿ ಟಾನಿಕ್ ಕುಡಿದರೆ ಸರಿಹೋಗುವಂಥದ್ದು. ಒಂದು ಇಡೀ ಪತ್ರದಲ್ಲಿ ನೀವು ಮಾಡಿದ್ದೇನು ಎಂಬುದೇ ಇಲ್ಲ.

ನಾನು ಇಲ್ಲಿ ಒಂದು ಹಲ್ಲಿನ ಕ್ಲಿನಿಕ್ಕಿನಲ್ಲಿ ಕೆಲಸಕ್ಕೆ ಸೇರಿದ್ದೇನೆ. ಡಾಕ್ಟರ್ ಪಕ್ಕದಲ್ಲಿ ನಿಂತು ಎಂಜಲು ಎಳೆಯುವ ಪೈಪು ಹಿಡಿಯುವುದು ನನ್ನ ಕೆಲಸ. ಬಂದವರೆಲ್ಲ "ಸ್ವಲ್ಪ ನೋವು ಡಾಕ್ಟ್ರೇ" ಅನ್ನುತ್ತಾರೆ. ಡಾಕ್ಟರ್ ಬಿಡುವುದಿಲ್ಲ. "ಯಾವ ಹಲ್ಲು? ಎಷ್ಟು ದಿನದಿಂದ? ಬಿಸಿ ತಾಗಿದ್ರಾ, ತಣ್ಣಗಿದ್ದು ತಾಗಿದ್ರಾ?" ನಾನೂ ಅದನ್ನೇ ಕೇಳುತ್ತಿದ್ದೇನೆ. ಯಾವುದು, ಎಂದಿನಿಂದ, ಯಾವ ಹೊತ್ತಿಗೆ? ಬಾಯಿ ತೆರೆಯಿರಿ ಎಂದು ದಿನಕ್ಕೆ ಮೂವತ್ತು ಜನರಿಗೆ ಹೇಳುತ್ತೇನೆ, ಹನ್ನೊಂದು ವರ್ಷ ಜೊತೆಗಿದ್ದವರಿಗೆ ಹೇಳಿರಲಿಲ್ಲ.


ಮೇ 25, ಭಾನುವಾರ

ನಿನ್ನ ಪತ್ರವನ್ನು ನಾಲ್ಕು ಸಲ ಓದಿದೆ. ಸರಿ, ಬರೆಯುತ್ತೇನೆ.

ನಾನು ಅಶ್ಲೀಲ ವಿಡಿಯೊಗಳನ್ನು ನೋಡುತ್ತೇನೆ. ಕಾಲೇಜಿನ ದಿನಗಳಿಂದ ನೋಡುತ್ತಿದ್ದೇನೆ. ಮದುವೆಯಾದರೆ ತಾನಾಗಿ ಹೋಗುತ್ತದೆ ಎಂದುಕೊಂಡಿದ್ದೆ. ಎರಡು ತಿಂಗಳು ಹೋಗಿತ್ತು ಕೂಡ. ಆಮೇಲೆ ಬಂತು. ಮಗಳು ಹುಟ್ಟಿದಾಗ ಮತ್ತೆ ಬಿಟ್ಟೆ, ಮತ್ತೆ ಬಂತು. ಸಭೆಯಲ್ಲಿ ಹಾಡು ನಡೆಸುವಾಗಲೂ ಇತ್ತು. ನಾನು ಹಾಡು ನಡೆಸುವುದನ್ನು ಬಿಟ್ಟದ್ದು ಗಂಟಲು ಕೆಟ್ಟದ್ದಕ್ಕಲ್ಲ.

ಹೊತ್ತು ಎಂದರೆ ಮಧ್ಯಾಹ್ನ ಎರಡರಿಂದ ನಾಲ್ಕು. ಮೋಟಾರು ಹಾಕಿದ ಮೇಲೆ ಮೇಲಿನ ಟ್ಯಾಂಕು ತುಂಬಲು ಎರಡು ತಾಸು ಬೇಕು. ಆ ಎರಡು ತಾಸು ನನಗೆ ಕೆಲಸವಿಲ್ಲ. ಮೂರು ಗೇಜು, ಒಂದು ಕುರ್ಚಿ, ಮೋಟಾರಿನ ಸದ್ದಿಗೆ ಒಂದೇ ಸಮ ನಡುಗುವ ಗೋಡೆ. ಆಸೆ ಆಗುತ್ತದೆ ಎಂದು ನೋಡುವುದು ಕಡಿಮೆ. ಬೇಸರ, ದಣಿವು, ಮೇಲಿನವರ ಬೈಗುಳ, ಇಂಥದಕ್ಕೇ ಹೆಚ್ಚು. ನೋಡಿದ ಮೇಲೆ ಇನ್ನೂ ದಣಿವು.

ಪಾಸ್ಟರ್ ಕೈಯಿಟ್ಟಾಗ ಏನೂ ಬಿಟ್ಟುಹೋಗಲಿಲ್ಲ. ಬಿಟ್ಟುಹೋಗಬೇಕಿತ್ತು ಎಂದು ಹಾಗೆ ಬರೆದೆ. ಆ ವಾರ ಎರಡು ಸಲ ನೋಡಿದ್ದೆ. ಮೊನ್ನೆ ಫೋನನ್ನು ಮಾರಿ ಗುಂಡಿ ಒತ್ತುವ ಹಳೇ ಫೋನು ತೆಗೆದುಕೊಂಡೆ. ನಿನ್ನಲ್ಲಿ ಏನೋ ಕಡಿಮೆ ಇತ್ತು ಎಂದು ಯಾವತ್ತೂ ಅಂದುಕೊಳ್ಳಬೇಡ.

ಈಗ ನಿನಗೆ ಎಲ್ಲ ಗೊತ್ತಾಯಿತು. ಹೇಳಿದ ಮೇಲೆ ಹಗುರವಾಗುತ್ತದೆ ಅನ್ನುತ್ತಾರೆ, ನನಗೆ ಹೆದರಿಕೆ ಆಗುತ್ತಿದೆ. ಬೇಗ ಉತ್ತರ ಬರೆ.


ಜೂನ್ 15, ಭಾನುವಾರ

ಮೂರು ವಾರವಾಯಿತು. ನನ್ನ ಪತ್ರ ತಲುಪಿತೇ? ಅಂಚೆಯಲ್ಲಿ ಕಳೆದಿರಲಿ ಎಂದು ಒಮ್ಮೆ ಅನಿಸುತ್ತದೆ. ಈ ಮೂರು ವಾರ ನೋಡಿಲ್ಲ. ಮಗಳು ಹೇಗಿದ್ದಾಳೆ?


ಜೂನ್ 20, ಶುಕ್ರವಾರ

ತಲುಪಿತು. ಮಗಳಿಗೆ ಮುಂದಿನ ಎರಡು ಹಲ್ಲು ಬಿದ್ದಿವೆ. ಅಕ್ಕ ಈಗ ಮೆಟ್ಟಿಲು ಹತ್ತುತ್ತಾಳೆ. ಕ್ಲಿನಿಕ್ಕಿನಲ್ಲಿ ಕೆಲಸ ಜಾಸ್ತಿ.

ವಾರದ ಪತ್ರ ತಪ್ಪಿಸಬೇಡಿ.


ಜುಲೈ 6, ಭಾನುವಾರ

ಪ್ರಿಯಳೇ,

ಈ ವಾರ ಒಳ್ಳೆಯದಾಗಿ ಕಳೆಯಿತು. ನೋಡಲಿಲ್ಲ. ಬೆಳಿಗ್ಗೆ ಬೇಗ ಎದ್ದು ಪ್ರಾರ್ಥನೆ ಮಾಡುತ್ತೇನೆ, ಸಂಜೆ ಕೆರೆಯ ಏರಿಯವರೆಗೆ ನಡೆಯುತ್ತೇನೆ. ಸಭೆಗೆ ಬರುವ ಬೇಕರಿಯವನು, ಅದೇ ಮಕ್ಕಳು ಬನ್ನಣ್ಣ ಎಂದು ಕರೆಯುವವನು, ಅವನ ಪರಿಚಯ ಜಾಸ್ತಿಯಾಗಿದೆ. ಮನಸ್ಸು ಶಾಂತವಾಗಿದೆ. ನೀವಿಬ್ಬರೂ ಆರೋಗ್ಯ ನೋಡಿಕೊಳ್ಳಿ.


ಜುಲೈ 13, ಭಾನುವಾರ

ಪ್ರಿಯಳೇ,

ಈ ವಾರವೂ ಒಳ್ಳೆಯದಾಗಿ ಕಳೆಯಿತು. ನೋಡಲಿಲ್ಲ. ಒಂದು ದಿನ ಸ್ವಲ್ಪ ಕಷ್ಟವಾಯಿತು, ಆದರೆ ಎದ್ದು ಹೊರಗೆ ಹೋಗಿ ವಾಲ್ವುಗಳಿಗೆ ಎಣ್ಣೆ ಬಿಟ್ಟೆ, ಸರಿಹೋಯಿತು. ಮನೆಯ ಹಿಂದಿನ ಬಾಗಿಲಿಗೆ ಬಣ್ಣ ಬಳಿಯಬೇಕು ಎಂದುಕೊಂಡಿದ್ದೇನೆ. ಮಗಳಿಗೆ ಮುತ್ತು.


ಜುಲೈ 14, ಸೋಮವಾರ

ರೀ,

ನಿಮ್ಮ ಆರನೇ ತಾರೀಕಿನ ಪತ್ರ ಗುರುವಾರ ಬಂತು. ಎರಡು ಸಲ ಓದಿದೆ. ಸಂಜೆ ನಡೆಯಲು ಹೋಗುತ್ತೀರಂತೆ! ಹನ್ನೊಂದು ವರ್ಷ ತಿವಿದು ತಿವಿದು ಹೇಳಿದರೂ ಗೇಟಿನಾಚೆ ಕಾಲಿಡದ ಮಹಾನುಭಾವರು. ಇಲ್ಲಿ ಒಬ್ಬಳೇ ನಕ್ಕೆ. ಅಕ್ಕ "ಯಾರ್ದೇ ಕಾಗದ?" ಅಂದಳು. "ನಮ್ಮನೆಯವ್ರದ್ದು" ಅಂದೆ. ಹಾಗೆ ಅಂದು ಬಹಳ ದಿನವಾಗಿತ್ತು.

ಒಂದು ವಿಷಯ. ಆಗಸ್ಟ್ ಒಂಬತ್ತಕ್ಕೆ ಮಗಳಿಗೆ ಏಳು ತುಂಬುತ್ತದೆ. ಬರುತ್ತೀರಾ? ಬೆಳಿಗ್ಗೆ ಬಂದು ಸಂಜೆ ಹೋಗುವ ಹಾಗೆ. ಅವಳು ನಿಮ್ಮ ಬಗ್ಗೆ ಕೇಳುವುದನ್ನು ಕಡಿಮೆ ಮಾಡಿದ್ದಾಳೆ, ಅದು ನನಗೆ ಸರಿ ಕಾಣುತ್ತಿಲ್ಲ. ಬೇಗ ತಿಳಿಸಿ, ಅವಳಿಗೆ ಮೊದಲೇ ಹೇಳಿ ಆಸೆ ಹುಟ್ಟಿಸುವುದಿಲ್ಲ.


ಜುಲೈ 20, ಭಾನುವಾರ

ಪ್ರಿಯಳೇ,

ಈಗ ತಾನೇ ಆರಾಧನೆ ಮುಗಿಸಿ ಬಂದು ಬರೆಯುತ್ತಿದ್ದೇನೆ. ಪಾಸ್ಟರ್ ಇವತ್ತು ಕ್ಷಮೆಯ ಬಗ್ಗೆ ಬಹಳ ಚೆನ್ನಾಗಿ ಮಾತಾಡಿದರು, ನಿನ್ನ ನೆನಪಾಯಿತು. ಈ ವಾರವೂ ನೋಡಲಿಲ್ಲ. ಎಲ್ಲ ಒಳ್ಳೆಯದಾಗಿದೆ. ನೀವಿಬ್ಬರೂ ಆರೋಗ್ಯ ನೋಡಿಕೊಳ್ಳಿ.


ಜುಲೈ 24, ಗುರುವಾರ

ಪಾಸ್ಟರ್ ಬಹಳ ಚೆನ್ನಾಗಿ ಮಾತಾಡಿದರೇ?

ಇಪ್ಪತ್ತನೇ ತಾರೀಕು ಭಾನುವಾರ ನಿಮ್ಮ ಪಾಸ್ಟರ್ ಅಕ್ಕನ ಸಭೆಯಲ್ಲಿ ಪ್ರಸಂಗ ಮಾಡಿದರು. ಇಲ್ಲಿ ಅವರಿಗೆ ಮೂರು ದಿನದ ಕೂಟವಿತ್ತು. ನಾನು ಎರಡನೇ ಸಾಲಿನಲ್ಲಿ ಕೂತಿದ್ದೆ. ಮಧ್ಯಾಹ್ನ ಅಕ್ಕನ ಮನೆಯಲ್ಲೇ ಊಟ ಮಾಡಿದರು. ಅನ್ನ ಬಡಿಸುವಾಗ ಮೆಲ್ಲಗೆ ಕೇಳಿದರು: "ಅವನು ಆರಾಮಾಗಿದ್ದಾನೇನಮ್ಮ? ಮೂರು ವಾರದಿಂದ ಸಭೆಗೆ ಬಂದಿಲ್ವಲ್ಲ." ಸೌಟು ಕೈಯಲ್ಲಿ ಹಾಗೇ ನಿಂತಿತು. "ಪಾಳಿ ಬದಲಾಗಿದೆ ಅಯ್ಯಾ" ಎಂದು ನಿಮ್ಮ ಪರವಾಗಿ ಒಂದು ಸುಳ್ಳು ಹೇಳಿದೆ. ಪಾಸ್ಟರಿಗೆ, ಊಟದ ಹೊತ್ತಿನಲ್ಲಿ.

ಇವತ್ತು ನಿಮ್ಮ ಪತ್ರ ಬಂತು. ಆಮೇಲೆ ಈ ತಿಂಗಳ ಮೂರೂ ಪತ್ರ ತೆಗೆದು ಪಕ್ಕಪಕ್ಕ ಇಟ್ಟೆ. ಒಂದೇ ಪೆನ್ನು, ಒಂದೇ ಪ್ಯಾಡು. ಹದಿಮೂರರ ಹಾಳೆಯನ್ನು ಬೆಳಕಿಗೆ ಹಿಡಿದರೆ ಆರರ ಅಕ್ಷರ ಒತ್ತಿಕೊಂಡಿದೆ, ಇಪ್ಪತ್ತರ ಹಾಳೆಯಲ್ಲಿ ಹದಿಮೂರರದ್ದು. ಒಂದೇ ಸಲ ಕೂತು ಬರೆದು, ವಾರಕ್ಕೊಂದರಂತೆ ಅಂಚೆಗೆ ಹಾಕಿದ್ದೀರಿ. ವಾರ ಬರುವ ಮೊದಲೇ ಆ ವಾರ ಹೇಗೆ ಕಳೆಯಿತು ಎಂದು ಬರೆದಿದ್ದೀರಿ. ನಾನು ಅದಕ್ಕೆ ನಕ್ಕಿದ್ದೆ. ಮಗಳ ಹುಟ್ಟುಹಬ್ಬಕ್ಕೆ ಕರೆದಿದ್ದೆ. ಅದಕ್ಕೆ ಉತ್ತರವೂ ಇಲ್ಲ.

ಬರಬೇಡಿ.


ಜುಲೈ 27, ಭಾನುವಾರ

ಪ್ರಿಯಳೇ,

ಈ ವಾರವೂ ಒಳ್ಳೆಯದಾಗಿ ಕಳೆಯಿತು. ನೋಡಲಿಲ್ಲ. ಮಳೆ ಶುರುವಾಗಿರುವುದರಿಂದ ನೀರಿಗೆ ತೊಂದರೆಯಿಲ್ಲ. ಮನಸ್ಸು ಶಾಂತವಾಗಿದೆ.


ಜುಲೈ 30, ಬುಧವಾರ

ನಿನ್ನ ಪತ್ರ ಸೋಮವಾರ ಮಧ್ಯಾಹ್ನ ಬಂತು. ಅದೇ ದಿನ ಬೆಳಿಗ್ಗೆ ನಾಲ್ಕನೆಯದನ್ನು ಡಬ್ಬಿಗೆ ಹಾಕಿ ಬಂದಿದ್ದೆ. ಇದನ್ನು ನೀನು ಓದುವ ಹೊತ್ತಿಗೆ ಅದೂ ನಿನ್ನ ಕೈ ಸೇರಿರುತ್ತದೆ. ಅಂಚೆ ಕಚೇರಿಗೆ ಓಡಿದೆ. "ಡಬ್ಬಿ ತೆಗೆದಾಯ್ತು ಸಾರ್, ಚೀಲ ಹೋಯ್ತು" ಅಂದರು. ಇಲ್ಲಿ ಮಳೆಯ ಒಂದು ಹನಿಯೂ ಬಿದ್ದಿಲ್ಲ.

ಹೌದು, ನಾಲ್ಕನ್ನೂ ಜುಲೈ ಐದರ ಶನಿವಾರ ಒಂದೇ ಸಲ ಬರೆದೆ. ಇದು ಪಂಪ್‌ಹೌಸಿನ ಅಭ್ಯಾಸ. ಗಂಟೆಗೊಮ್ಮೆ ಗೇಜು ನೋಡಿ ಒತ್ತಡ ಎಷ್ಟು ಎಂದು ಹಾಳೆಯಲ್ಲಿ ಬರೆಯಬೇಕು. ಯಾರೂ ಹಾಗೆ ಮಾಡುವುದಿಲ್ಲ. ಬೆಳಿಗ್ಗೆ ಬಂದವರೇ ಸಂಜೆಯವರೆಗಿನದನ್ನು ತುಂಬಿಬಿಡುತ್ತೇವೆ. ನಾಲ್ಕು ಪಾಯಿಂಟ್ ಎರಡು, ನಾಲ್ಕು ಪಾಯಿಂಟ್ ಎರಡು, ನಡುವೆ ನಂಬಿಕೆ ಬರಲಿ ಎಂದು ಒಂದು ನಾಲ್ಕು ಪಾಯಿಂಟ್ ಒಂದು. ನಾನು ಕೆಲಸಕ್ಕೆ ಸೇರಿದಾಗ ಹಳೇ ಆಪರೇಟರ್ ಕಲಿಸಿದ್ದು. "ನೀರೇನು ಓಡಿಹೋಗುತ್ತೇನಪ್ಪ?" ಅನ್ನುತ್ತಿದ್ದ. ಹದಿಮೂರನೇ ತಾರೀಕಿನ ಪತ್ರದಲ್ಲಿ "ಒಂದು ದಿನ ಸ್ವಲ್ಪ ಕಷ್ಟವಾಯಿತು" ಎಂದು ಬರೆದೆನಲ್ಲ, ಅದು ಆ ನಾಲ್ಕು ಪಾಯಿಂಟ್ ಒಂದು.

ನಿಜವಾದ ಹಾಳೆ ಇದು. ಜೂನ್ ಕೊನೆಯಲ್ಲಿ ಎರಡು ಸಲ ನೋಡಿದೆ. ಜೊತೆಗೆ ಕೆಲಸ ಮಾಡುವವನು ತನ್ನ ಫೋನನ್ನು ಚಾರ್ಜಿಗಿಟ್ಟು ಹೋಗಿದ್ದ. ಜುಲೈನಲ್ಲಿ ಐದು ಸಲ. ಸಭೆಗೆ ಹೋಗಲು ಮುಖವಿರಲಿಲ್ಲ. ನಿನ್ನ ಹದಿನಾಲ್ಕನೇ ತಾರೀಕಿನ ಪತ್ರ ಬಂದದ್ದು ನಿಜ. ನಾನು ಅದನ್ನು ಒಡೆಯಲಿಲ್ಲ. ಬೈಗುಳ ಇರುತ್ತದೆ ಎಂದುಕೊಂಡು ಸ್ವಿಚ್ ಬೋರ್ಡಿನ ಮೇಲಿಟ್ಟೆ. ಹತ್ತು ದಿನ ಅದು ಅಲ್ಲೇ ಇತ್ತು. ಸೋಮವಾರ ಒಡೆದೆ. ನೀನು ಹುಟ್ಟುಹಬ್ಬಕ್ಕೆ ಕರೆದಿದ್ದೆ. ನಕ್ಕೆ ಎಂದು ಬರೆದಿದ್ದೆ.

ಮೇ ತಿಂಗಳಲ್ಲಿ ನಿಜ ಬರೆದಾಗ ನೀನು ನಾಲ್ಕು ವಾರ ಸುಮ್ಮನಿದ್ದು ಹಲ್ಲು ಬಿದ್ದ ಸುದ್ದಿ ಬರೆದೆ. ನಿಜ ನಿನಗೆ ಅಸಹ್ಯವಾಯಿತು ಎಂದುಕೊಂಡೆ, ಅದಕ್ಕೇ ಒಳ್ಳೆಯ ವಾರಗಳನ್ನು ಬರೆದು ಕಳಿಸಿದೆ. ಇದು ನೆಪ ಎಂದು ನನಗೂ ಗೊತ್ತು. ನಾನು ಸೋತಿದ್ದೇನೆ. ಮಗಳಿಗೆ ಏನೂ ಹೇಳಬೇಡ.


ಆಗಸ್ಟ್ 25, ಸೋಮವಾರ

ಮಗಳ ಹುಟ್ಟುಹಬ್ಬ ಆಯಿತು. ಅವಳು ಬಾಗಿಲ ಕಡೆ ಎರಡು ಸಲ ನೋಡಿದಳು. ನಾನು ಕರೆದಿದ್ದೆ ಎಂದು ಅವಳಿಗೆ ಗೊತ್ತಿರಲಿಲ್ಲ, ಆದರೂ ನೋಡಿದಳು.

ನಿಮ್ಮ ಪತ್ರಕ್ಕೆ ಉತ್ತರ ಬರೆಯಲು ಇಷ್ಟು ದಿನ ಹಿಡಿಯಿತು. ಕೋಪ ಇತ್ತು, ಈಗ ಕೋಪಕ್ಕಿಂತ ಸುಸ್ತು ಜಾಸ್ತಿ. ನೀವು ನಿಮ್ಮ ಹಾಳೆ ತೋರಿಸಿದಿರಿ, ನನ್ನದನ್ನೂ ನೋಡಿ.

ಮೇ ತಿಂಗಳ ಪತ್ರ ಓದಿ ನನಗೆ ಅಸಹ್ಯವಾಗಲಿಲ್ಲ. ಕ್ಲಿನಿಕ್ಕಿನ ಹಿಂದೆ ಹಲ್ಲಿನ ಅಚ್ಚು ತೆಗೆಯುವ ಚಿಕ್ಕ ಕೋಣೆಯಿದೆ, ಅಲ್ಲಿ ಓದಿದೆ. ಗಾರೆಯ ಹಲ್ಲುಗಳ ನಡುವೆ ಕೂತು ಅತ್ತೆ. ನನ್ನಲ್ಲಿ ಏನೋ ಕಡಿಮೆ ಇತ್ತು ಎಂದುಕೊಳ್ಳಬೇಡ ಎಂದು ಬರೆದಿದ್ದಿರಿ. ಅಷ್ಟು ಹೊತ್ತಿಗಾಗಲೇ ಎಷ್ಟು ಸಲ ಅಂದುಕೊಂಡಿದ್ದೆನೋ. ಕನ್ನಡಿಯ ಮುಂದೆ ನಿಂತು ಹೊಟ್ಟೆ ಒಳಗೆ ಎಳೆದುಕೊಂಡು ನೋಡಿಕೊಂಡಿದ್ದೇನೆ, ಮೂವತ್ತೆಂಟು ವರ್ಷದವಳು. ಎಂಟು ಸಲ ಉತ್ತರ ಬರೆದೆ, ಎಂಟನ್ನೂ ಹರಿದೆ. ಕೊನೆಗೆ ಹಲ್ಲಿನ ಸುದ್ದಿ ಬರೆದು ಹಾಕಿದೆ. ನೀವು ಅದನ್ನು ಹಾಗೆ ಓದುತ್ತೀರಿ ಎಂದು ಹೊಳೆಯಲಿಲ್ಲ. ಅದು ನನ್ನ ತಪ್ಪು. ನಿಮ್ಮ ಸುಳ್ಳು ನಿಮ್ಮದೇ.

ಇನ್ನೊಂದು. ಇಲ್ಲಿಗೆ ಬಂದಾಗಿನಿಂದ ನಾನು ಸಭೆಯಲ್ಲಿ ಪ್ರಭುಭೋಜನ ತೆಗೆದುಕೊಂಡಿಲ್ಲ. ರೊಟ್ಟಿಯ ತಟ್ಟೆ ಬಂದಾಗ ಪಕ್ಕದವರಿಗೆ ದಾಟಿಸಿಬಿಡುತ್ತೇನೆ. ಒಬ್ಬರ ಮೇಲೆ ಇಷ್ಟು ಕೋಪ ಇಟ್ಟುಕೊಂಡು ಹೇಗೆ ಬಾಯಿಗಿಡಲಿ? ನಾಲ್ಕನೇ ತಿಂಗಳು ಅಕ್ಕ ಕೇಳಿದಳು: "ಮಂಡಿ ನಂದು, ಕುಂಟ್ತಾ ಇರೋದು ನೀನು. ಏನಾಯ್ತೇ?" ಎಲ್ಲ ಹೇಳಿದೆ. ಅವಳು "ನಿಮ್ಮ ಭಾವ ಕುಡೀತಿದ್ದಾಗ ನಾನೂ ಬಾಟ್ಲಿ ಅಳೀತಿದ್ದೆ" ಅಂದಳು. ನಿಮ್ಮ ಪತ್ರಗಳನ್ನು ಬೆಳಕಿಗೆ ಹಿಡಿದು ನೋಡಿದವಳಿಗೆ ಆ ಮಾತು ನಾಟಿತು. ಪ್ರತಿ ಗುರುವಾರ ಅಂಚೆಯವನ ದಾರಿ ಕಾಯುವುದು, ಒಂದು ಸಾಲು ಹುಡುಕುವುದು, ನೋಡಿದರೋ ಇಲ್ಲವೋ. ಎಂಜಲ ಪೈಪು ಹಿಡಿದುಕೊಂಡು ಅದನ್ನೇ ಯೋಚಿಸಿ ಒಬ್ಬರ ನಾಲಿಗೆಗೆ ಗಾಯ ಮಾಡಿದ್ದೇನೆ. ನನಗೆ ಈ ಕಾವಲು ಸಾಕಾಗಿದೆ.

ಇನ್ನು ವಾರಕ್ಕೊಂದು ಪತ್ರ ಬೇಡ. ಹೇಳಲು ಏನಾದರೂ ಇದ್ದಾಗ ಬರೆಯಿರಿ. ಇಲ್ಲದಿದ್ದರೆ ಸುಮ್ಮನಿರಿ.


ಸೆಪ್ಟೆಂಬರ್ 9, ಮಂಗಳವಾರ

ನೀನು ಕನ್ನಡಿಯ ಮುಂದೆ ನಿಂತದ್ದು ಓದಿದೆ. ಏನು ಬರೆದರೂ ಸುಳ್ಳಿನ ಹಾಗೆ ಕೇಳುತ್ತದೆ, ಅದಕ್ಕೆ ಬರೆಯುವುದಿಲ್ಲ.

ಬನ್ನಣ್ಣನಿಗೆ ಎಲ್ಲ ಹೇಳಿದೆ. ಜುಲೈನಲ್ಲಿ ಪರಿಚಯ ಜಾಸ್ತಿಯಾಗಿದೆ ಎಂದು ಬರೆದಿದ್ದೆನಲ್ಲ, ಆಗ ಆಗಿರಲಿಲ್ಲ. ಈಗ ಆಗಿದೆ. ಬೇಕರಿಯ ಹಿಂದೆ ಹಿಟ್ಟಿನ ಮೂಟೆಯ ಮೇಲೆ ಕೂರಿಸಿ ಕೇಳಿದ. ಹೆದರುತ್ತಾ ಹೇಳಿ ಮುಗಿಸಿದರೆ, "ಅಷ್ಟೇನಾ? ನಾನು ಬಿಟ್ಟು ಆರು ವರ್ಷ. ಬಿಟ್ಟೆ ಅಂತ ಹೇಳ್ತೀನಿ, ಅದು ನನ್ನ ಬಿಟ್ಟಿದೆಯೋ ಇಲ್ವೋ ಗೊತ್ತಿಲ್ಲ" ಅಂದ. "ಪ್ರಾರ್ಥನೆ ಮಾಡಿದ್ರೂ ಬರುತ್ತಾ?" ಎಂದು ಕೇಳಿದೆ. "ಪ್ರಾರ್ಥನೆ ಮಾಡ್ತಾ ಇರುವಾಗ್ಲೇ ಬರುತ್ತೆ. ಬಂದಾಗ ನಂಗೆ ಫೋನ್ ಮಾಡು. ಹಿಟ್ಟು ಕಲಸ್ತಾ ಇದ್ರೂ ಎತ್ತುತ್ತೀನಿ." ಎತ್ತುತ್ತಾನೆ. ಅವನ ಫೋನಿನ ತುಂಬ ಹಿಟ್ಟು. ನಾವು ಆ ವಿಷಯ ಮಾತಾಡುವುದೇ ಕಡಿಮೆ. ಒಲೆ ಸರಿಯಿಲ್ಲ, ಮಗ ಮಾತು ಕೇಳುವುದಿಲ್ಲ, ಹೀಗೇ. ಅಷ್ಟು ಹೊತ್ತಿಗೆ ಮೂರೂವರೆ ಆಗಿರುತ್ತದೆ.

ಗಂಟೆಗೊಮ್ಮೆ ಎದ್ದು ಗೇಜು ನೋಡಿಯೇ ಬರೆಯುತ್ತಿದ್ದೇನೆ. ಒತ್ತಡ ಒಂದೇ ಸಮ ಇರುವುದಿಲ್ಲ ಕಣೇ. ಹದಿನಾಲ್ಕು ವರ್ಷ ನೋಡಿಯೇ ಇರಲಿಲ್ಲ. ಜೊತೆಯವರಿಗೆ ಸಿಟ್ಟು, ನನ್ನ ಹಾಳೆಯ ಪಕ್ಕ ಅವರದ್ದು ಸುಳ್ಳೆಂದು ಕಾಣುತ್ತದಂತೆ. ಸಭೆಗೆ ಹೋಗುತ್ತಿದ್ದೇನೆ, ಕೊನೆಯ ಸಾಲಿನಲ್ಲಿ ಕೂರುತ್ತೇನೆ. ಜುಲೈ 29ರಿಂದ ನೋಡಿಲ್ಲ. ಜಯ ಎಂದು ಬರೆಯುವುದಿಲ್ಲ. ದಿನಾ ಸಂಜೆ ಭಾರ ಹೊತ್ತು ಬಂದವನ ಹಾಗೆ ಮಲಗುತ್ತೇನೆ.


ಸೆಪ್ಟೆಂಬರ್ 28, ಭಾನುವಾರ

ರೀ,

ನಿಮ್ಮ ಪತ್ರವನ್ನು ಬೆಳಕಿಗೆ ಹಿಡಿಯಲಿಲ್ಲ. ಹಿಡಿಯಬೇಕೆನಿಸಿತು, ಹಿಡಿಯಲಿಲ್ಲ.

ಮಗಳು ನಿಮಗೊಂದು ಚಿತ್ರ ಬರೆದಿದ್ದಾಳೆ, ಇದರ ಜೊತೆ ಇಟ್ಟಿದ್ದೇನೆ. ಅದರಲ್ಲಿ ದೊಡ್ಡದಾಗಿರುವುದು ಟ್ಯಾಂಕು, ಚಿಕ್ಕದಾಗಿರುವುದು ನೀವು. ಅರ್ಜಿಯ ಕಾಗದ ತಂದಿದ್ದೇನೆ, ತುಂಬಿಲ್ಲ. ತುಂಬದೇ ಇರಬಹುದು ಅಂತಲೂ ಅನಿಸುತ್ತಿದೆ. ಅಕ್ಟೋಬರ್ ಇಪ್ಪತ್ತೊಂಬತ್ತನೇ ತಾರೀಕಿನ ನಮ್ಮೂರ ಬಸ್ಸಿಗೆ ಜಾಗ ಕೇಳಿಟ್ಟಿದ್ದೇನೆ. ಇಷ್ಟು ಹೇಳಿದ್ದಕ್ಕೆ ಹಿಗ್ಗಬೇಡಿ.


ಅಕ್ಟೋಬರ್ 24, ಶುಕ್ರವಾರ

ಈ ಪತ್ರ ಬರೆಯದೇ ಇರಲು ಎರಡು ದಿನದಿಂದ ಕಾರಣ ಹುಡುಕುತ್ತಿದ್ದೇನೆ. ಒಳ್ಳೊಳ್ಳೆಯ ಕಾರಣಗಳು ಸಿಕ್ಕಿವೆ.

ಬುಧವಾರ ನೋಡಿದೆ. ಸೆಪ್ಟೆಂಬರಿನಲ್ಲಿ ನಿನಗೆ ಒಂದು ಮಾತು ಹೇಳಿರಲಿಲ್ಲ. ಕಚೇರಿಯಿಂದ ಗೇಜಿನ ಫೋಟೊ ಕಳಿಸಲು ಎಲ್ಲರಿಗೂ ಒಂದೊಂದು ಟ್ಯಾಬ್ ಕೊಟ್ಟಿದ್ದರು. ಹೇಳಿದರೆ ನೀನು ಹೆದರುತ್ತೀ ಎಂದು ಬಿಟ್ಟೆ. ಆರು ವಾರ ಮುಟ್ಟಲಿಲ್ಲ, ಫೋಟೊ ಕಳಿಸಿ ಪೆಟ್ಟಿಗೆಯಲ್ಲಿಡುತ್ತಿದ್ದೆ. ಬುಧವಾರ ಬನ್ನಣ್ಣ ಫೋನ್ ಎತ್ತಲಿಲ್ಲ, ಅವನ ಮಗನಿಗೆ ಜ್ವರವಿತ್ತಂತೆ. ಅದು ಕಾರಣವಲ್ಲ. ನೀನು ಬರುತ್ತೀ ಎಂದು ನನಗೆ ಹೆದರಿಕೆಯಾಗಿತ್ತು. ಬಂದ ಮೇಲೆ ಮತ್ತೆ ಬಿದ್ದರೆ ಎಂದು ಯೋಚಿಸುತ್ತಾ ಬಿದ್ದೆ. ನನ್ನಂಥ ಮೂರ್ಖ ಇನ್ನೊಬ್ಬನಿಲ್ಲ.

ಒಂದೇ ಒಂದು ಹೊಸದಾಗಿ ಆಯಿತು. ಮೊದಲ ಸಲ ಆ ವಿಡಿಯೊದ ಹೆಂಗಸಿನ ಮುಖ ನೋಡಿದೆ. ಪಾಳಿ ಮುಗಿಯುವ ಹೊತ್ತಿಗೆ ನನ್ನ ಮುಖ ಇರುತ್ತದಲ್ಲ, ಹಾಗೇ ಇತ್ತು. ಕೆಲಸಕ್ಕೆ ಬಂದವಳು, ಯಾವಾಗ ಮುಗಿಯುತ್ತದೋ ಎಂದು ಕಾಯುತ್ತಿದ್ದಳು. ಮುಗಿಯುವ ಮೊದಲೇ ಆರಿಸಿದೆ. ಇಷ್ಟು ವರ್ಷ ನಾನು ಅವರಲ್ಲಿ ಒಬ್ಬರ ಮುಖವನ್ನೂ ನೋಡಿರಲಿಲ್ಲ.

ಟ್ಯಾಬನ್ನು ಇಂಜಿನಿಯರ್ ಮೇಜಿನ ಮೇಲಿಟ್ಟು, "ಇದು ನನ್ನ ಕೈಯಲ್ಲಿ ಇರ್ಬಾರ್ದು ಸಾರ್" ಅಂದೆ. "ಯಾಕ್ರೀ, ಉಪಯೋಗಿಸೋಕೆ ಬರಲ್ವಾ?" ಎಂದು ನಕ್ಕರು. "ಚೆನ್ನಾಗಿ ಬರುತ್ತೆ ಸಾರ್" ಅಂದೆ. ಅವರು ಒಂದು ಕ್ಷಣ ಕಿಟಕಿಯ ಕಡೆ ನೋಡಿ, "ಕಾಗದದಲ್ಲೇ ಬರ್ದು ಕೊಡಿ" ಅಂದರು.

ಈ ಪತ್ರ ನಿನಗೆ ಬಸ್ ಹತ್ತುವ ಮೊದಲೇ ಸಿಗಬೇಕು. ಅದಕ್ಕೇ ದೊಡ್ಡ ಅಂಚೆ ಕಚೇರಿಗೆ ಹೋಗಿ ನನ್ನ ಕೈಯಿಂದಲೇ ಕೊಡುತ್ತೇನೆ. ನೀನು ಬರಬೇಕು ಎನ್ನುವುದು ಬಿಟ್ಟು ನನಗೆ ಬೇರೆ ಆಸೆಯಿಲ್ಲ.


ಅಕ್ಟೋಬರ್ 31, ಶುಕ್ರವಾರ

ರೀ,

ಅರ್ಜಿಯನ್ನು ಇವತ್ತು ಬೆಳಿಗ್ಗೆ ಕೊಟ್ಟು ಬಂದೆ. ಮಗಳು ಇಲ್ಲಿನ ಶಾಲೆಗೇ ಹೋಗುತ್ತಾಳೆ. ಮುಂದಿನದನ್ನು ಕೂತು ಓದಿ, ನಿಂತಲ್ಲೇ ತಲೆ ಮೇಲೆ ಕೈಹೊತ್ತುಕೊಳ್ಳಬೇಡಿ.

ನಿಮ್ಮ ಪತ್ರ ಮಂಗಳವಾರ ಬಂತು. ಮರುದಿನದ ಬಸ್ಸಿಗೆ ಬಟ್ಟೆ ತುಂಬಿಯಾಗಿತ್ತು. ಓದಿದವಳೇ ಎಲ್ಲವನ್ನೂ ತೆಗೆದು ಕಪಾಟಿಗೆ ಎಸೆದೆ, ಮಡಚಲೂ ಇಲ್ಲ. ನಿಮ್ಮ ಹೆಸರೇ ಬೇಡ ಎನ್ನುವಷ್ಟು ಸಿಟ್ಟು. ಗುರುವಾರದ ಹೊತ್ತಿಗೆ ಒಂದು ಮಾತು ತಲೆಗೆ ಹೋಯಿತು. ನೀವು ಸುಮ್ಮನಿದ್ದಿದ್ದರೆ ನಾನು ಆ ಮನೆಯಲ್ಲಿ ಒಲೆ ಹಚ್ಚುತ್ತಿದ್ದೆ. ನಿಮಗೆ ಅದು ಗೊತ್ತಿತ್ತು. ಗೊತ್ತಿದ್ದೂ ದೊಡ್ಡ ಅಂಚೆ ಕಚೇರಿಗೆ ಹೋದಿರಿ.

ಆರು ತಿಂಗಳು ನಾವಿಬ್ಬರೂ ನಾನು ಬರುತ್ತೇನೋ ಇಲ್ಲವೋ ಎಂದೇ ಕೂತಿದ್ದೆವು. ನೀವು ಇಲ್ಲಿಗೆ ಬರಬಹುದು ಎಂದು ಇಬ್ಬರಿಗೂ ಹೊಳೆಯಲಿಲ್ಲ, ಅಕ್ಕ ಹೇಳಬೇಕಾಯಿತು. "ಎಂಟು ತಾಸು ಒಬ್ನೇ ಗೋಡೆ ನೋಡ್ಕೊಂಡು ಕೂತ್ರೆ ಸಂತನೂ ಕೆಡ್ತಾನೆ. ಅಲ್ಲೇ ಕೂತ್ಕೊಂಡು ಅದನ್ನ ಬಿಡು ಅಂದ್ರೆ ಹೇಗ್ ಬಿಡ್ತಾನೆ?" ಅಂದಳು. ಕ್ಲಿನಿಕ್ ಇರುವ ಕಟ್ಟಡದಲ್ಲಿ ನೀರು, ಕರೆಂಟು, ಲಿಫ್ಟು ನೋಡಿಕೊಳ್ಳುವವರು ಬೇಕಂತೆ. ಆರು ಮಹಡಿ, ಬೆಳಗಿನಿಂದ ಸಂಜೆಯವರೆಗೆ ಜನ ಕರೆಯುತ್ತಲೇ ಇರುತ್ತಾರೆ. ಸಂಬಳ ಕಡಿಮೆ, ಕೂರಲು ಕುರ್ಚಿಯೂ ಇಲ್ಲ. ನಿಮ್ಮ ವಿಷಯ ಹೇಳಿಟ್ಟಿದ್ದೇನೆ.

ಬಂದರೆ ಹಿಂದಿನ ಕೋಣೆ ನಿಮಗೆ. ಅಕ್ಕನ ಹೊಲಿಗೆ ಯಂತ್ರ, ಹಳೇ ಹಾಸಿಗೆ, ಮಡಚಿದ ಗಾಲಿ ಕುರ್ಚಿ ಎಲ್ಲ ಅಲ್ಲೇ ಇವೆ, ಅವುಗಳ ನಡುವೆ ಮಲಗಬೇಕು. ನನ್ನ ಕೋಣೆಯ ಮಾತು ಈಗ ಬೇಡ. ನಾನು ಇನ್ನೂ ರೊಟ್ಟಿಯ ತಟ್ಟೆ ದಾಟಿಸುತ್ತಿದ್ದೇನೆ. ನೀವು ಮತ್ತೆ ಬೀಳಬಹುದು, ನಾನು ಮತ್ತೆ ಬಟ್ಟೆ ಎಸೆಯಬಹುದು.

ಅರ್ಜಿಯಲ್ಲಿ ತಾಯಿಯ ವಿಳಾಸ ಬರೆದ ಮೇಲೆ ತಂದೆಯ ವಿಳಾಸ ಎಂದಿತ್ತು. ಅಲ್ಲಿ ಪೆನ್ನು ನಿಂತಿತು. ಕಿಟಕಿಯ ಹಿಂದಿನ ಗುಮಾಸ್ತೆ "ಬೇಗ ಅಮ್ಮ, ಹಿಂದೆ ಜನ ಇದ್ದಾರೆ" ಅಂದಳು. "ಮೇಲಿನಂತೆ" ಎಂದು ಬರೆದುಬಿಟ್ಟೆ.

ಕೋಪ ಇನ್ನೂ ಹೋಗಿಲ್ಲ. ಮುನ್ನೂರು ಕಿಲೋಮೀಟರ್ ದೂರದಿಂದ ಒಬ್ಬರ ಮೇಲೆ ಕೋಪ ಮಾಡಿಕೊಂಡು ಮಾಡಿಕೊಂಡು ನನಗೆ ಸಾಕಾಗಿದೆ. ಬಂದು ಎದುರಿಗೆ ಕೂತುಕೊಳ್ಳಿ.